ಕುರ್ಚಿ ಪಕ್ಕದ ಸ್ಟೂಲು

ನಮ್ಮೂರಿನ ಹಲ್ಲಿನ ಡಾಕ್ಟ್ರಮ್ಮನ ಹತ್ತಿರ ಯಾರೇ ಹೋಗಲಿ, ಆಕೆ ಮೊದಲು ಕೇಳುವುದು ಯಾವ ಹಲ್ಲು ಅಂತ ಅಲ್ಲ. "ಸ್ಟೂಲಿಗೆ ಯಾರು?" ಅಂತ. ದೊಡ್ಡ ಕುರ್ಚಿಯಲ್ಲಿ ಹಲ್ಲಿನವರು, ಪಕ್ಕದ ಕಬ್ಬಿಣದ ಸ್ಟೂಲಿನಲ್ಲಿ ಕೈ ಹಿಡಿಯುವವರು. ಹಲ್ಲು ಕುರ್ಚಿಯವರದ್ದು, ನೋವು ಸ್ಟೂಲಿನವರದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಬೇರೆ ಕಡೆ ಗಾದೆ ಹೇಳುತ್ತಾರಲ್ಲ, ನಮ್ಮಲ್ಲಿ ಅದು ಗಾದೆಯಲ್ಲ, ದಿನದ ಬದುಕು. ಹೊರಗಿನ ಊರುಗಳಲ್ಲಿ ಒಸಡಿಗೆ ಸೂಜಿ ಚುಚ್ಚಿ ಮರಗಟ್ಟಿಸುತ್ತಾರಂತೆ. ನಮ್ಮೂರವರಿಗೆ ಆ ಸೂಜಿ ಹತ್ತುವುದಿಲ್ಲ, ಮನುಷ್ಯರ ಕೈಯೇ ಆಗಬೇಕು. ಡಾಕ್ಟ್ರಮ್ಮ ಬಾಯಿಗೆ ಕೈ ಹಾಕುವ ಮೊದಲು ಹಿಡಿಯಬೇಕು, ಹಲ್ಲು ತಟ್ಟೆಗೆ ಬೀಳುವ ತನಕ ಬಿಡಬಾರದು. ನಡುವೆ ಬಿಟ್ಟರೋ, ಕತೆ ಮುಗಿಯಿತು. ಬಿಟ್ಟ ಕೈ ಆವತ್ತು ಮತ್ತೆ ಹತ್ತುವುದಿಲ್ಲ, ಇನ್ನೊಬ್ಬರ ಕೈಯೂ ಹತ್ತುವುದಿಲ್ಲ, ಇದ್ದಬದ್ದ ನೋವೆಲ್ಲ ಒಂದೇ ಏಟಿಗೆ ಕುರ್ಚಿಯವರ ಮೇಲೆ ಬೀಳುತ್ತದೆ. ಕುರ್ಚಿಯವರು ತಾವಾಗಿ ಎಷ್ಟು ಬಿಗಿಯಾಗಿ ಹಿಡಿದುಕೊಂಡರೂ ಅದು ಲೆಕ್ಕಕ್ಕಿಲ್ಲ. ಹಿಡಿಯಬೇಕಾದವರು ಸ್ಟೂಲಿನವರೇ.

ನಾನು ದೇವೀರಮ್ಮ. ಗಡಿಯಾರದ ಕಂಬದ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಊರಲ್ಲಿ ನನ್ನ ಗಿರಣಿಗಿಂತ ನನ್ನ ಕೈಗೇ ಹೆಚ್ಚು ಹೆಸರು. ಸ್ಟೂಲಿನ ಮೇಲೆ ಕೂತು ಕಿರುಚದವರನ್ನು ನಮ್ಮೂರು ಕಂಡಿಲ್ಲ. ಪೈಲ್ವಾನರು ಟವೆಲ್ಲು ಕಚ್ಚಿ ಗೋಳಾಡಿದ್ದಾರೆ, ಬೇಲಿ ಜಗಳದಲ್ಲಿ ಮಚ್ಚು ಹಿಡಿದು ನಿಂತವರು ಅವ್ವಾ ಅಂತ ಅತ್ತಿದ್ದಾರೆ. ನಾನು ಮಾತ್ರ ಕಣ್ಣು ಮುಚ್ಚಿ ಗಲ್ಲ ಎದೆಗೆ ಊರಿ ಕೂತಿರುತ್ತೇನೆ. ಹಲ್ಲು ಟಣ್ ಅಂತ ತಟ್ಟೆಗೆ ಬಿದ್ದ ಮೇಲೆ ಎದ್ದು ಸೆರಗು ಕೊಡವಿಕೊಂಡು ಗಿರಣಿಗೆ ಹೋಗುತ್ತೇನೆ. ಇದನ್ನು ನೋಡಿ ನೋಡಿ ಊರು ಒಂದು ತೀರ್ಮಾನಕ್ಕೆ ಬಂತು: ದೇವೀರಮ್ಮನಿಗೆ ನೋವಿನ ನರವೇ ಇಲ್ಲ. ದೇವರು ಇಡುವುದನ್ನು ಮರೆತಿದ್ದಾನೆ. ಅವಳದ್ದು ಕಲ್ಲುಗೈ. ಅಲ್ಲಿಂದ ಯಾರಿಗೆ ಹಲ್ಲು ಕೀಳಿಸಬೇಕಾದರೂ "ಹೋಗಿ ಗಿರಣಿಯವಳನ್ನ ಕರ್ಕೊಂಡ್ ಬಾ" ಅನ್ನುವುದು ರೂಢಿಯಾಯಿತು. ರಾಗಿ ಬೀಸಲು ಡಬ್ಬ ತಂದವರು ಹಿಟ್ಟಿನ ಜೊತೆಗೆ ನನ್ನ ಕೈಯನ್ನೂ ಕೇಳಿಕೊಂಡು ಹೋಗುತ್ತಿದ್ದರು.

ನೋಯುತ್ತಿತ್ತು ಸ್ವಾಮಿ. ನೋಯದೆ ಏನು? ಎಲ್ಲರಿಗೆ ಆಗುವಷ್ಟೇ ನನಗೂ ಆಗುತ್ತಿತ್ತು. ದವಡೆಯೊಳಗೆ ಕಾದ ಸಲಾಕೆ ಇಟ್ಟು ತಿರುಗಿಸಿದ ಹಾಗೆ. ಆದರೆ ನಾನು ಹದಿನೇಳರ ಹುಡುಗಿಯಾಗಿದ್ದಾಗ ಒಂದು ಕಂಡಿದ್ದೆ. ನಮ್ಮಪ್ಪನ ದವಡೆ ಹಲ್ಲಿಗೆ ನಮ್ಮಣ್ಣ ಸ್ಟೂಲಿನಲ್ಲಿ ಕೂತಿದ್ದ. ನಡುವೆ ಸಹಿಸಲಾರದೆ ಕೈ ಕೊಡವಿಕೊಂಡು ಹೊರಗೆ ಓಡಿದ. ಅಪ್ಪ ಕುರ್ಚಿಯಲ್ಲಿ ಎಗರಿಬಿದ್ದ ರಭಸಕ್ಕೆ ಹಲ್ಲು ಅರ್ಧಕ್ಕೆ ಮುರಿಯಿತು, ಇಕ್ಕಳ ಕೆನ್ನೆ ಸೀಳಿತು. ಬೇರು ಒಳಗೇ ಉಳಿದು ಕೀವಾಗಿ ಅಪ್ಪನ ಮುಖ ಒಂದು ಕಡೆಗೆ ವಾಲಿಹೋಯಿತು, ಸಾಯುವ ತನಕ ನೆಟ್ಟಗಾಗಲಿಲ್ಲ. ಆ ಬೇರು ತೆಗೆಸಲು ಮುಂದಿನ ತಿಂಗಳು ಹೋದಾಗ ಸ್ಟೂಲಿನಲ್ಲಿ ಕೂತವಳು ನಾನು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಹುಬ್ಬು ಒಂಚೂರು ಅಲುಗಿದರೂ ಅವನು ಹೆದರಿ ಕೈ ಎಳೆದುಕೊಳ್ಳುತ್ತಿದ್ದ. ಹಾಗಾಗಿ ಕಣ್ಣು ಮುಚ್ಚಿದೆ, ಬಾಯಿ ಮುಚ್ಚಿದೆ. ಅಷ್ಟೇ ಗುಟ್ಟು. ಕುರ್ಚಿಯಲ್ಲಿ ಕೂತವರು ಹೆದರಬಾರದು ಅಂತ ನಾನು ಸುಮ್ಮನಿದ್ದರೆ ಊರು ನನ್ನನ್ನು ಕಲ್ಲು ಮಾಡಿ ಕೂರಿಸಿತು.

ನಮ್ಮ ಮನೆಯವರು, ಬೋರಲಿಂಗಪ್ಪನವರು, ಈ ನಂಬಿಕೆಯಲ್ಲಿ ಊರಿಗಿಂತ ಒಂದು ಕೈ ಮುಂದೆ. ಅವರ ಮೂರು ಹಲ್ಲಿಗೆ ನಾನೇ ಕೂತಿದ್ದೇನೆ. ಡಾಕ್ಟ್ರಮ್ಮ ಉಪಕರಣ ಬದಲಿಸುವಾಗೆಲ್ಲ ಅವರು ಕುರ್ಚಿಯಿಂದಲೇ ಮೆಣಸಿನಕಾಯಿ ರೇಟು ಮಾತಾಡುತ್ತಿದ್ದರು. ಆದರೆ ತಟ್ಟೆಗೆ ಹಲ್ಲು ಬಿದ್ದು ನಾನು ಕೈ ಬಿಟ್ಟ ಮೇಲೆ, ಗಾಯದ ಉಳಿಕೆ ನೋವು ಇರುತ್ತದಲ್ಲ, ಅದು ಹಲ್ಲಿನ ಯಜಮಾನನದ್ದೇ. ಆ ಉಳಿಕೆಗೇ ನಮ್ಮ ಮನೆಯವರು ಎರಡು ದಿನ ಕಂಬಳಿ ಹೊದ್ದು ಮಲಗಿ ಕುಯ್ಯೋ ಮರ್ರೋ ಅನ್ನುತ್ತಿದ್ದರು. ನಾನು ಗಂಜಿ ಹಿಡಿದು ನಿಂತರೆ, "ನಿಂಗೇನೇ ಗೊತ್ತು ಹಲ್ಲುನೋವು ಅಂದ್ರೆ? ಅನುಭವಿಸಿದೋರಿಗೇ ಗೊತ್ತು" ಅನ್ನುತ್ತಿದ್ದರು. ಮೂರು ಸಲವೂ ಅಂದಿದ್ದಾರೆ. ನಾನು ಗಂಜಿಗೆ ಉಪ್ಪು ಸಾಕಾ ಅಂತ ಕೇಳಿದ್ದೇನೆ.

ಹೀಗಿರುವಾಗ ನನಗೇ ಬಂತು. ಕೆಳಗಿನ ಬಲಗಡೆ, ಎಲ್ಲಕ್ಕಿಂತ ಹಿಂದಿನದು, ಬುದ್ಧಿಹಲ್ಲು. ಮೂವತ್ತೊಂಬತ್ತು ವರ್ಷ ತಣ್ಣಗೆ ಒಳಗಿದ್ದ ಮಹರಾಯ ಈಗ ಎದ್ದು ಅಡ್ಡಡ್ಡ ತಳ್ಳತೊಡಗಿದ. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಮುದ್ದೆ ಬಿಟ್ಟು ಅಂಬಲಿ ಕುಡಿದೆ. ಯಾರಿಗೂ ಹೇಳಲಿಲ್ಲ. ಹೇಳುವುದು ಹೇಗೆ? ನೋವೇ ಇಲ್ಲದವಳು ನಾನು! ಕೊನೆಗೆ ಎದುರು ಮನೆ ಮಂಚಮ್ಮ ನನ್ನ ಕೆನ್ನೆ ನೋಡಿ, "ದೇವೀರಕ್ಕ, ಇದೇನವ್ವ ಕಡುಬು ಇಟ್ಕೊಂಡಂಗಿದೆ" ಅಂದಳು. ಬಲವಂತ ಮಾಡಿ ಅವಳೇ ಡಾಕ್ಟ್ರಮ್ಮನ ಹತ್ತಿರ ಕರೆದುಕೊಂಡು ಹೋದಳು. ಎಕ್ಸ್‌ರೇ ತೆಗೆದ ಡಾಕ್ಟ್ರಮ್ಮ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಅಡ್ಡ ಮಲಗಿದೆ. ಒಸಡು ಕೊಯ್ದು, ಮೂಳೆ ಕೊರೆದು, ಹಲ್ಲನ್ನ ಎರಡು ಹೋಳು ಮಾಡಿ ತೆಗೀಬೇಕು. ಕೀವು ಕಟ್ತಾ ಇದೆ. ಗಂಟಲಿಗೆ ಇಳಿದ್ರೆ ಉಸಿರೇ ಕಟ್ಟುತ್ತೆ. ತಡ ಮಾಡೋ ಹಾಗಿಲ್ಲ ದೇವೀರಮ್ಮ," ಅಂದರು. ಆಮೇಲೆ ಕೇಳಿದರು, "ಸ್ಟೂಲಿಗೆ ಯಾರು?"

ಆವಾಗ ನೋಡಿ ತಮಾಷೆ. ನಮ್ಮೂರಲ್ಲಿ ಸ್ಟೂಲಿಗೆ ಜನ ಸಿಗುವುದೇ ಕಷ್ಟ. ಒಡಹುಟ್ಟಿದವರೇ ಆ ದಿನ ಊರಲ್ಲಿರುವುದಿಲ್ಲ. ನನಗೆ ಮಾತ್ರ ಸಾಲು ನಿಂತರು. "ನಾನು ಕೂರ್ತೀನಿ, ನನ್ನ ಎರಡು ಹಲ್ಲಿಗೆ ಅಕ್ಕ ಕೂತವ್ಳೆ, ಋಣ ತೀರಿಸ್ಕೋಬೇಕು" ಅಂತ ಮಂಚಮ್ಮ. ಬಳೆ ಅಂಗಡಿಯವರು, ಸೋಡಾ ಅಂಗಡಿಯವರು, ನಾನು ಯಾರ್‍ಯಾರ ಕೈ ಹಿಡಿದಿದ್ದೆನೋ ಅವರೆಲ್ಲ ಗಿರಣಿಗೆ ಬಂದರು. ಎಲ್ಲರ ಮುಖದಲ್ಲೂ ನಗು. ಯಾಕೆ ಅಂತ ತಿಳಿಯಲು ನನಗೆ ಎರಡು ನಿಮಿಷ ಬೇಕಾಯಿತು. ನೋವೇ ಇಲ್ಲದ ಬಾಯಿ ನನ್ನದು, ಕೈ ಹಿಡಿದರೆ ಏನು ಬರುತ್ತದೆ? ಆರಾಮಾಗಿ ಕೂತು ಎದ್ದು ಬರಬಹುದು, ಋಣವೂ ತೀರಿತು. ನನಗೆ ನಗು ಬಂತು, ದವಡೆ ಹಿಡಿದುಕೊಂಡಿತು. ಆಮೇಲೆ ಲೆಕ್ಕ ಹಾಕಿದೆ. ಇವರಲ್ಲಿ ಯಾರು ಕೂತರೂ ಮೊದಲ ಕೊಯ್ತಕ್ಕೇ ಬೆಚ್ಚಿಬಿದ್ದು ಕೈ ಬಿಡುತ್ತಾರೆ. ನೋವಿಗೆ ಸಿದ್ಧನಾಗಿ ಕೂತ ನಮ್ಮಣ್ಣನೇ ಬಿಟ್ಟಿದ್ದ. ಇವರು ಜಾತ್ರೆಗೆ ಹೋಗುವ ಹಾಗೆ ಬರುತ್ತಿದ್ದಾರೆ. ಕೈ ಬಿಟ್ಟರೆ ನಾನೂ ಅಪ್ಪನ ಹಾಗೇ, ಮುರಿದ ಹಲ್ಲು, ಕೀವು, ಗಂಟಲು. ಡಾಕ್ಟ್ರಮ್ಮ ಹೇಳಿದ ಉಸಿರಿನ ಮಾತು ಕಿವಿಯಲ್ಲೇ ಇತ್ತು.

ಮಂಚಮ್ಮನಿಗೆ ನಿಜ ಹೇಳಿದೆ. "ನನಗೂ ನೋಯ್ತದೆ ಕಣೇ. ಎಲ್ಲರ ಹಾಗೇ." ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯೋ ಬಿಡಕ್ಕ! ನಾನು ಬೇಡ ಅಂತ ಹಿಂಗಂತೀಯ, ಗೊತ್ತು. ನಿನ್ ಗಂಡನ್ನೇ ಕೂರಿಸ್ಕೋ, ನಂಗೇನು ಬೇಜಾರಿಲ್ಲ." ಅಂದಳೇ ಹೊರತು ಬೇಜಾರಾಗಿಯೇ ಎದ್ದು ಹೋದಳು.

ಗಂಡ ಸ್ಟೂಲಿಗೆ ಕೂರುವುದು ಅಂತ ಆಯಿತು. ಹೋದೆವು. ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಒಳಗಿಂದ ಆ ಕೊರೆಯುವ ಯಂತ್ರದ ಸದ್ದು ಬಂತು ನೋಡಿ, ಕಾಳಿಲ್ಲದೆ ತಿರುಗುವ ಗಿರಣಿ ಕಲ್ಲಿನಂಥ ಸದ್ದು. ಅದೇ ಸದ್ದನ್ನು ಸ್ಟೂಲಿನಲ್ಲಿ ಕೂತು ಎಷ್ಟೋ ಸಲ ಕೇಳಿದ್ದೇನೆ. ಆವಾಗ ಮಾಡಲು ಕೆಲಸವಿತ್ತು, ಹಿಡಿದುಕೊಂಡಿರುವುದು. ಕುರ್ಚಿಯವರಿಗೆ ಯಾವ ಕೆಲಸವೂ ಇಲ್ಲ. ಬಾಯಿ ತೆರೆದು ಬಿದ್ದಿರಬೇಕು, ಇನ್ನೊಬ್ಬರನ್ನು ನಂಬಿಕೊಂಡು. ನೋವು ಬಾರದ ಕುರ್ಚಿಯಲ್ಲಿ ಕೂರಲು ಜನ ಯಾಕೆ ನಡುಗುತ್ತಾರೆ ಅಂತ ನಾನು ಒಳಗೊಳಗೇ ಆಡಿಕೊಳ್ಳುತ್ತಿದ್ದೆ. ಈಗ ನನ್ನ ಅಂಗೈ ಬೆವರಿ ಸೀರೆ ಒದ್ದೆಯಾಗುತ್ತಿತ್ತು. ಬೆವರಿದ ಕೈ ಜಾರುತ್ತದೆ ಅನ್ನುವುದು ಹೊಳೆದದ್ದೇ ತಡ, "ಗಿರಣಿ ಬೆಲ್ಟು ಕಿತ್ಕೊಂಡಿತ್ತು ರೀ, ಹಾಗೇ ಬಿಟ್ಟು ಬಂದಿದ್ದೀನಿ" ಅಂತ ಸುಳ್ಳು ಹೇಳಿ ಎದ್ದೆ. ಹಿಂದಿನ ಬಾಗಿಲಿನಿಂದ ಓಡಿದೆ ಅಂದರೂ ತಪ್ಪಿಲ್ಲ.

ಮಾರನೇ ಬೆಳಿಗ್ಗೆ ಎದ್ದರೆ ಬಾಯಿಗೆ ಚಮಚವೂ ಹೋಗುತ್ತಿಲ್ಲ. ಎಂಜಲು ನುಂಗಿದರೆ ಗಂಟಲಲ್ಲಿ ಗಂಟು. ಮೈ ಸುಡುತ್ತಿತ್ತು. ನಮ್ಮ ಮನೆಯವರು ಕನ್ನಡಿ ತಂದು ಹಿಡಿದರು, ಅದರಲ್ಲಿ ಅಪ್ಪನ ವಾಲಿದ ಮುಖವೇ ಕಂಡಂತಾಯಿತು. "ಇವತ್ತು ಬೆಲ್ಟು ಕಿತ್ಕೊಂಡ್ರೂ ಹೋಗಲಿ, ಗಿರಣಿಯೇ ಹಾರಿಹೋದ್ರೂ ಹೋಗಲಿ, ನಡಿ" ಅಂದರು. ನಾನು ಅವರ ಅಂಗಿ ಹಿಡಿದು ಕೂರಿಸಿದೆ. ಬಿಗಿದ ಹಲ್ಲಿನ ಸಂದಿಯಿಂದಲೇ ಹೇಳಿದೆ, "ರೀ, ನೋಯ್ತದೆ. ನಿಜವಾಗ್ಲೂ. ಪ್ರಾಣ ಹೋದಂಗೆ ನೋಯ್ತದೆ. ಕಿರುಚಿ, ಅಳಿ, ನನ್ನನ್ನ ಬಯ್ಯಿ. ಕೈ ಮಾತ್ರ ಬಿಡಬೇಡಿ."

"ಲೇ, ನನ್ನನ್ನೇ ಹೆದರಿಸ್ತೀಯಾ? ನನ್ ಹಲ್ಲು ಕೀಳುವಾಗ ನೀನು ತೂಕಡಿಸ್ತಿದ್ದೆ ಕಣೇ! ನಾನೇ ಕಣ್ಣಾರೆ ನೋಡಿದ್ದೀನಿ."

"ತೂಕಡಿಸ್ತಿರ್ಲಿಲ್ಲ."

"ಮತ್ತೆ ಕಣ್ಣು ಮುಚ್ಕೊಂಡು ಏನ್ ಜಪ ಮಾಡ್ತಿದ್ಯಾ?" ಅಂತ ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಳು ಉಕ್ಕಿ ಬಂತು. ಇಷ್ಟು ವರ್ಷ ಒಂದು ಸಲವಾದರೂ ಅಮ್ಮಾ ಅಂದಿದ್ದರೆ ಈ ಮನುಷ್ಯ ಇವತ್ತು ನನ್ನ ಮಾತು ನಂಬುತ್ತಿದ್ದರು.

ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಕಾಣುವುದೇ ಬೇರೆ ಲೋಕ. ಮೇಲೆ ದೊಡ್ಡ ದೀಪ, ಪಕ್ಕದ ತಟ್ಟೆಯಲ್ಲಿ ಸಾಲಾಗಿ ಇಕ್ಕಳ, ಉಳಿ, ಚಾಕು. ಡಾಕ್ಟ್ರಮ್ಮ ನನ್ನ ಬಾಯಿಯನ್ನು ಇಷ್ಟಿಷ್ಟೇ ಅಗಲಿಸಿ ರಬ್ಬರಿನ ಗೂಟ ಸಿಕ್ಕಿಸಿದರು. ಇನ್ನು ಮಾತಿಲ್ಲ. ನಮ್ಮ ಮನೆಯವರು ಸ್ಟೂಲಿನಲ್ಲಿ ಕೂತು ನನ್ನ ಬಲಗೈಯನ್ನು ತಮ್ಮ ಬಲಗೈಯಲ್ಲಿ ಹಿಡಿದರು, ಬಸ್ಸಿನಲ್ಲಿ ಕಂಬಿ ಹಿಡಿಯುವ ಹಾಗೆ ಸಡಿಲವಾಗಿ. ನಾನು ಉಗುರಿನಿಂದ ಅವರ ಅಂಗೈಯನ್ನು ಕೆರೆದೆ, ಬಿಗಿ, ಬಿಗಿ ಅಂತ. ಅವರಿಗೆ ಕಚಗುಳಿಯಾಯಿತೋ ಏನೋ, ಕೈ ಸರಿಮಾಡಿಕೊಂಡು, "ಏನಿಲ್ಲ ಬಿಡು" ಅಂದರು. ಬಾಗಿಲ ಹೊರಗೆ ಮಂಚಮ್ಮನ ಸೀರೆ ಕಂಡಿತು. ಮುನಿಸಿದ್ದರೂ ಬಂದಿದ್ದಳು.

"ಶುರು ಮಾಡ್ಲಾ?" ಅಂದರು ಡಾಕ್ಟ್ರಮ್ಮ.

"ಮಾಡಿ ಮೇಡಂ. ಅದಿರಲಿ, ನಿಮ್ಮ ಬೀದಿಯ ನಲ್ಲೀಲಿ ನೀರು ಬರ್ತಾ ಇದೆಯಾ? ನಮ್ಮ ಕಡೆ ಮೂರು ದಿನದಿಂದ—"

ಚಾಕು ನನ್ನ ಒಸಡಿಗೆ ತಾಗಿತು. ನನಗೆ ಬರಿಯ ತಣ್ಣನೆಯ ಎಳೆತ, ಬಾಯಿ ತುಂಬಾ ಬೆಚ್ಚಗೆ ರಕ್ತ, ಅಷ್ಟೇ. ನಮ್ಮ ಮನೆಯವರ ಮಾತು ಅಲ್ಲೇ ತುಂಡಾಯಿತು. ಒಂದು ಗಳಿಗೆ ಅವರ ಮುಖದಲ್ಲಿ ಬರೀ ಆಶ್ಚರ್ಯ, ಯಾರೋ ಬೆನ್ನ ಹಿಂದಿನಿಂದ ಹೊಡೆದಿದ್ದಾರೆ ಅನ್ನುವಂತೆ. ಆಮೇಲೆ "ಅವ್ವಾ!" ಅಂತ ಕೂಗಿದರು ನೋಡಿ, ಕಿಟಕಿಯ ಗಾಜು ಅದುರಿತು. ಹೊರಗೆ ಮಂಚಮ್ಮ "ಅಯ್ಯಯ್ಯೋ, ಏನಾಯ್ತು?" ಅಂದದ್ದು ಕೇಳಿಸಿತು. ಇವರ ಕಿರುಬೆರಳು ಬಿಚ್ಚಿಕೊಂಡಿತು. ಅದರ ಪಕ್ಕದ್ದೂ ಬಿಚ್ಚಿಕೊಂಡಿತು. ನನ್ನ ಕೈ ಈಗ ಹೆಬ್ಬೆರಳು ಮತ್ತೆರಡು ಬೆರಳಿನಲ್ಲಿ ನೇತಾಡುತ್ತಿತ್ತು.

"ಬೋರಲಿಂಗಪ್ಪ, ಕೈ!" ಅಂತ ಡಾಕ್ಟ್ರಮ್ಮ ಗದರಿದರು. ಆಕೆ ನಿಲ್ಲಿಸುವ ಹಾಗಿಲ್ಲ, ಒಸಡು ತೆರೆದಾಗಿದೆ. ಯಂತ್ರ ಶುರುವಾಯಿತು. ಮೂಳೆ ಕೊರೆಯುವ ವಾಸನೆ ಮೂಗಿಗೆ ಬಡಿಯಿತು. ನನಗೆ ಗೊತ್ತಿತ್ತು, ಈಗ ಬರುವುದು ಯಾವುದು ಅಂತ. ಮೊದಲು ಕಿವಿಯ ಬುಡ, ಆಮೇಲೆ ಕಣ್ಣಿನ ಹಿಂದೆ, ಆಮೇಲೆ ನೆತ್ತಿ. ನಾನು ಅವರ ಮುಖ ನೋಡುತ್ತಲೇ ಇದ್ದೆ. ಅವರ ಕೈ ಕಿವಿಗೆ ಹೋಯಿತು. ಕಣ್ಣು ಕಿವುಚಿಕೊಂಡಿತು. ಅಪ್ಪ ನನ್ನ ಮುಖ ನೋಡುತ್ತಿದ್ದದ್ದು ನೆನಪಾಯಿತು. ನನ್ನಿಂದಾಗದು ಅನ್ನಿಸಿತು. ನನ್ನ ಪಾಲಿನದ್ದು ನನಗೇ ಬರಲಿ, ಹಲ್ಲು ಮುರಿದರೆ ಮುರಿಯಲಿ, ಈ ಮನುಷ್ಯ ಹೀಗೆ ಒದ್ದಾಡುವುದನ್ನು ನೋಡಲಾರೆ. ಕೈ ಎಳೆದುಕೊಳ್ಳಲು ನೋಡಿದೆ.

ಅವರು ಕಣ್ಣು ಬಿಟ್ಟರು. ನನ್ನ ಕಣ್ಣನ್ನೇ ನೋಡಿದರು. ಹೋದ ಮೂರು ಸಲವೂ ಅದೇ ಕೋಣೆ, ಅದೇ ಸದ್ದು, ಸ್ಟೂಲು ಕುರ್ಚಿ ಮಾತ್ರ ಅದಲು ಬದಲು. ಅವರ ಬಾಯಿ ತೆರೆದುಕೊಂಡಿತು, ಕಿರುಚಲು ಅಲ್ಲ. "ದೇವೀ... ಇದಾ? ಇದೇನಾ?" ಅಂದರು. ಬಾಯಿಯಲ್ಲಿ ಗೂಟವಿತ್ತು, ತಲೆ ಅಲುಗಿಸುವಂತಿರಲಿಲ್ಲ. ರೆಪ್ಪೆ ಬಡಿದೆ. "ಎಳೀಬೇಡ ಕಣೇ! ಎಳೀಬೇಡ, ನಿನ್ ದಮ್ಮಯ್ಯ!" ಅಂತ ಕೂಗಿ, ಎಡಗೈಯನ್ನೂ ತಂದು, ಎರಡೂ ಕೈಯಲ್ಲಿ ನನ್ನ ಮುಂಗೈಯನ್ನು ಹಿಡಿದು ತಮ್ಮ ಎದೆಗೆ ಒತ್ತಿಕೊಂಡರು.

ಆಮೇಲೆ ಕಿರುಚಿದ್ದು ಕಿರುಚಿದ್ದೇ. ಹಲ್ಲು ಹೋಳಾದಾಗ ಮನೆದೇವರನ್ನು ಕರೆದರು. ಮೊದಲ ಹೋಳು ತೆಗೆಯುವಾಗ ಡಾಕ್ಟ್ರಮ್ಮನ ವಂಶವನ್ನೇ ಬಯ್ದರು. ಎರಡನೆಯದಕ್ಕೆ ಬೈಗುಳವೂ ಮುಗಿದು ಚಿಕ್ಕ ಮಗುವಿನ ಹಾಗೆ ಬಿಕ್ಕಳಿಸಿದರು. ಹೊರಗೆ ಜನ ಸೇರಿದ್ದು ಕೇಳಿಸುತ್ತಿತ್ತು. ಬಳೆ ಅಂಗಡಿಯವರ ದನಿ, ಸೋಡಾ ಅಂಗಡಿಯವರ ದನಿ. "ಯಾರು ಕುರ್ಚೀಲಿ?" "ಗಿರಣಿ ದೇವೀರಮ್ಮ." "ಅವಳಿಗೆ ನೋವೇ ಇಲ್ವಲ್ಲ!" ಮಂಚಮ್ಮ ಬಾಗಿಲ ಚೌಕಟ್ಟು ಹಿಡಿದು ಒಳಗೆ ನೋಡುತ್ತಿದ್ದಳು. ನನ್ನ ಕೈ ಹಿಡಿದು ಎರಡು ಹಲ್ಲು ಕೀಳಿಸಿಕೊಂಡವಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಟಣ್.

"ಆಯ್ತು. ಎರಡು ಹೊಲಿಗೆ ಅಷ್ಟೇ," ಅಂದರು ಡಾಕ್ಟ್ರಮ್ಮ. ಅದೂ ಆಯಿತು. ಹತ್ತಿ ಒತ್ತಿ, ಗೂಟ ತೆಗೆದು, ಬೆವರು ಒರೆಸಿಕೊಂಡು, "ಕೈ ಬಿಡಿ ಬೋರಲಿಂಗಪ್ಪ. ಮುಗೀತು. ಇನ್ನು ಗಾಯದ ನೋವು ಅವರದ್ದು, ಎರಡು ದಿನ ಇರುತ್ತೆ, ಮಾತ್ರೆ ಕೊಡ್ತೀನಿ" ಅಂದರು. ಎಲ್ಲರೂ ಬಿಡುವ ಹೊತ್ತು ಅದು. ತಟ್ಟೆಯ ಸದ್ದಿಗೇ ಬಿಟ್ಟು ಓಡುತ್ತಾರೆ. ನಾನೂ ಪ್ರತಿಸಲ ಆ ಸದ್ದಿಗೇ ಬಿಟ್ಟಿದ್ದೇನೆ, ಬಿಟ್ಟು ಗಿರಣಿಗೆ ಹೋಗಿದ್ದೇನೆ.

ನಮ್ಮ ಮನೆಯವರು ಬಿಡಲಿಲ್ಲ. ಎದ್ದು ನಿಂತರು, ನನ್ನನ್ನೂ ಎಬ್ಬಿಸಿದರು. ಆ ಉಳಿಕೆ ನೋವು ಎಂಥದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತು, ಮೂರು ಸಲ ಕಂಬಳಿ ಹೊದ್ದು ಅನುಭವಿಸಿದವರು. ಗೊತ್ತಿದ್ದೂ ಬಿಡಲಿಲ್ಲ. ನಮ್ಮ ಬೀದಿಯಲ್ಲಿ ಗಂಡ ಹೆಂಡತಿ ಕೈ ಕೈ ಹಿಡಿದು ನಡೆಯುವ ಪದ್ಧತಿಯೇ ಇಲ್ಲ. ಹೊರಗೆ ನಿಂತಿದ್ದ ಜನ ದಾರಿ ಬಿಟ್ಟರು, ಒಬ್ಬರೂ ಗೇಲಿ ಮಾಡಲಿಲ್ಲ. ಮಂಚಮ್ಮ ನನ್ನ ಚಪ್ಪಲಿಯನ್ನು ತಂದು ಕಾಲಿನ ಹತ್ತಿರ ಇಟ್ಟಳು.

ಗಡಿಯಾರದ ಕಂಬದ ಹತ್ತಿರ ನಾನು ನಿಂತೆ. ವಾರಗಟ್ಟಲೆ ಆದ ಮೇಲೆ ನನ್ನ ದವಡೆ ನನ್ನದಾಗಿತ್ತು, ಹಗುರ, ತಣ್ಣಗೆ. ಅವರ ಕೆನ್ನೆ ಅದುರುತ್ತಿತ್ತು. ಹತ್ತಿಯ ಸಂದಿಯಿಂದ, "ಬಿಡಿ ರೀ, ಸಾಕು, ನಂದು ನಾನು ನೋಡ್ಕೋತೀನಿ" ಅಂದೆ. ಅವರು ಬೇಡ ಅಂತ ತಲೆಯಾಡಿಸಿದರು. ಅಷ್ಟು ಹೊತ್ತು ಊರೆಲ್ಲ ಕೇಳುವಂತೆ ಕಿರುಚಿದವರು ಈಗ ತುಟಿ ಬಿಗಿಹಿಡಿದು, ಗಲ್ಲ ಎದೆಗೆ ಊರಿ, ಕಣ್ಣು ಮುಚ್ಚಿ ನಿಂತಿದ್ದರು, ನಾನು ಹೆದರಬಾರದು ಅಂತ. ನನಗೆ ದುಃಖ ಒತ್ತರಿಸಿಕೊಂಡು ಬಂದು ನಡುಬೀದಿಯಲ್ಲೇ ಗಟ್ಟಿಯಾಗಿ ಅತ್ತೆ. ಮನೆ ಬಾಗಿಲಿಗೆ ಬಂದಾಗ ಬೀಗದ ಕೈ ಅವರ ಬಲಗಡೆಯ ಜೇಬಿನಲ್ಲಿತ್ತು. ಎಡಗೈಯನ್ನು ಸುತ್ತಿ ತಂದು, ತಡಕಾಡಿ ತೆಗೆದು, ಎಡಗೈಯಲ್ಲೇ ಬೀಗ ತೆರೆದರು.